ಆಟದೊಳಗೆ ತೆರೆದ ಬೀರು

ಮಾನ್ಯ ಓದುಗರಲ್ಲಿ ಮೊದಲಿಗೇ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು. ಹೀಗೆ ಬರೆಯುತ್ತಿರುವುದು ಇದೇ ಮೊದಲು. ಇಂಥ ಸಂಗತಿಯನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲವೆಂದೂ ಈ ಮೂಲಕ ತಿಳಿಯಪಡಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಂದಿದುರ್ಗದಲ್ಲಿ ನನ್ನ ಅಕ್ಕ ತೀರಿಕೊಂಡರು. ಅವರ ಎಂಟು ವರ್ಷದ ಮಗಳು ಪಲ್ಲವಿ ಅಳಲಿಲ್ಲ, ಮಾತನ್ನೇ ನಿಲ್ಲಿಸಿದಳು. ತಿಥಿಯ ನಂತರ ತೀರಿಕೊಂಡವರ ಬಟ್ಟೆಗಳನ್ನು ಕೊಟ್ಟುಬಿಡುವುದು ನಮ್ಮಲ್ಲಿನ ಪದ್ಧತಿ. ಅದರಂತೆ ನಮ್ಮ ತಾಯಿಯವರು ಅಕ್ಕನ ಸೀರೆಗಳನ್ನು ಗಂಟು ಕಟ್ಟಿದರು. ಮಗು ಅದನ್ನು ನೋಡದಿರಲೆಂದು ಅವಳನ್ನು ಬಂಗಾರಪೇಟೆಯ ನಮ್ಮ ಮನೆಗೆ ಕರೆತಂದೆನು.

ಭಾನುವಾರ ಮಧ್ಯಾಹ್ನ ನನ್ನ ಮೈದುನ ಅವಳಿಗೆ ಕಂಪ್ಯೂಟರಿನಲ್ಲಿ ಆಟವೊಂದನ್ನು ಹಾಕಿಕೊಟ್ಟು ಹೊರಗೆ ಹೋದನು. ಹೊರದೇಶದವರು ಮಾಡಿದ್ದು. ನಾನೂ ಅವಳ ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆನು. ಸದರಿ ಆಟದ ಹುಡುಗ ಒಬ್ಬನೇ ಮನೆಯಲ್ಲಿದ್ದು ತನ್ನನ್ನು ಮಹಾವೀರನೆಂದು ಕಲ್ಪಿಸಿಕೊಳ್ಳುತ್ತಾನೆ. ಕುಕ್ಕರು ರಾಕ್ಷಸನಾಗುತ್ತದೆ, ಮೆಟ್ಟಿಲು ಬೆಟ್ಟವಾಗುತ್ತದೆ. ತಾಯಿ ಸತ್ತಿರುವಳೆಂದು ಆಟ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಆಕಾಶದಲ್ಲಿ ಹಾರುವ ಆ ವೀರ ಅಡುಗೆಮನೆಯ ಒಂದು ಕುರ್ಚಿಯನ್ನು ಮಾತ್ರ ಮುಟ್ಟದೆ ಬಳಸಿಕೊಂಡು ಹೋಗುತ್ತಾನೆ. ಇಷ್ಟು ಅಂತಃಕರಣದಿಂದ ಆಟ ಕಟ್ಟಬಹುದೆಂದು ನನಗೆ ತಿಳಿದಿರಲಿಲ್ಲ. ಕಟ್ಟಿದವರಿಗೆ ಕೈಮುಗಿಯಬೇಕೆನಿಸಿತು.

ಅಷ್ಟರಲ್ಲಿ ಹುಡುಗ ತಾಯಿಯ ಬೀರುವನ್ನು ತೆರೆದು, ಹಸಿರು ಬಟ್ಟೆಯೊಂದನ್ನು ಹೆಗಲಿಗೆ ಕಟ್ಟಿಕೊಂಡನು. ಅರಿಶಿನ ಬಣ್ಣದ ಅಂಚು. ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಕಲೆ. ಗಂಟಿಗೆ ಸೇರಿದ್ದ ಅಕ್ಕನ ಒಂದು ಸೀರೆಯೂ ಹಾಗೆಯೇ ಇತ್ತು, ಕಲೆ ಸಮೇತ.

“ಚಿಕ್ಕಮ್ಮಾ, ಅದು ನಮ್ಮಮ್ಮಂದು! ಗಂಟು ಕೊಡ್ಬ್ಯಾಡ ಅನ್ನು ಅಜ್ಜೀಗೆ!” ಎಂದು ಪಲ್ಲವಿ ಗೋಳೋ ಎಂದು ಅತ್ತಳು. ನಾವು ಮರೆಮಾಡಿದ್ದೆಲ್ಲ ಅವಳಿಗೆ ಗೊತ್ತಿತ್ತು.

ಕೂಡಲೇ ತಾಯಿಯವರಿಗೆ ಫೋನ್ ಮಾಡಿದೆನು. ಗಂಟನ್ನು ಆಗಲೇ ಆಟೋದಲ್ಲಿ ಇಟ್ಟಿದ್ದರು.

“ಸತ್ತೋರ ಬಟ್ಟೆ ಮನೇಲಿಕ್ಕಬಾರ್ದು ಕಣಮ್ಮಿ,” ಎಂದರು.

“ಪಲ್ಲವಿ ಮಾತಾಡಿದ್ಲಮ್ಮಾ. ಕೊಡ್ಬ್ಯಾಡ ಅಂದ್ಲು.”

“ಮಾತಾಡಿದ್ಲಾ?” ಎಂದವರೇ ಆಟೋದವನ ಕಡೆಗೆ, “ಲೇ, ತಡೀಲಾ! ಎಲ್ಲಿಗ್ಲಾ ಓಗ್ತೀಯ, ಇಳ್ಸು ಗಂಟು!” ಎಂದು ಕೂಗಿದ್ದು ನನಗೂ ಕೇಳಿಸಿತು.

ಸಂಜೆ ಮೈದುನನಿಗೆ ಎಲ್ಲವನ್ನೂ ತಿಳಿಸಿದೆನು. “ಅತ್ತಿಗೆ, ಆ ಬೀರು ತೆಗ್ಯಕ್ಕೇ ಬರಲ್ಲ. ಆ ಹುಡ್ಗ ಕಟ್ಕೊಳ್ಳೋದು ಟವಲ್ಲು,” ಎಂದು ನಕ್ಕನು. ಮತ್ತೆ ಮೊದಲಿನಿಂದ ಆಡಿ ನೋಡಿದೆವು. ಬೀರು ತೆರೆಯಲಿಲ್ಲ. ಹುಡುಗ ಟವಲನ್ನೇ ಕಟ್ಟಿಕೊಂಡನು. ಪಲ್ಲವಿ ಮಾತ್ರ, “ಆಗ ತೆಗೀತಲ್ಲ, ಸಾಕು ಬಿಡು ಚಿಕ್ಕಮ್ಮ,” ಎಂದಳು.

ನನಗೆ ಸಾಕಾಗಿಲ್ಲ. ನಾವಿಬ್ಬರೂ ಕಂಡದ್ದು ಏನೆಂದು ಇಂದಿಗೂ ತಿಳಿಯದು. ಆದುದರಿಂದ ತಮ್ಮಲ್ಲಿ ಯಾರಾದರೂ ಅಂಥ ಆಟವನ್ನು ಆಡಿದ್ದು, ಬೀರು ತೆರೆಯುವ ಬಗೆ ಬಲ್ಲವರಾಗಿದ್ದರೆ, ನನ್ನ ಕಾಗುಣಿತದ ತಪ್ಪುಗಳ ಜೊತೆಗೆ ಈ ತಪ್ಪನ್ನೂ ದಯಮಾಡಿ ತಿದ್ದಬೇಕಾಗಿ ಪ್ರಾರ್ಥನೆ.