ನಿಂತುಹೋದ ಮಂಗಳವಾರಗಳು

ಯಲ್ಲಾಪುರದ ನಮ್ಮ ಇಗರ್ಜಿಯಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮಪಾಠ ಹೇಳುವವನು ನಾನು. ಹೊಟ್ಟೆಪಾಡಿಗೆ ಪಂಪ್‌ಸೆಟ್ ಮೋಟಾರು ರಿಪೇರಿ. ಪ್ರಾಯದಲ್ಲಿ ಪಾದ್ರಿಯಾಗಲು ಹೋಗಿ, ಕೆಲವು ವರ್ಷ ದೈವಶಾಸ್ತ್ರ ಓದಿ, ಅರ್ಧಕ್ಕೇ ವಾಪಸು ಬಂದೆ. ಅರ್ಧ ಓದಿದವನಿಗಿರುವ ಜಂಭ ಪೂರ್ತಿ ಓದಿದವರಿಗೂ ಇರುವುದಿಲ್ಲ. ವಿಶ್ವಾಸಕ್ಕೆ ಬುದ್ಧಿ ಶತ್ರುವಲ್ಲ, ದೇವರು ಕೊಟ್ಟ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಅದು ಸುಳ್ಳೆಂದು ಈಗಲೂ ನನಗೆ ಅನಿಸುವುದಿಲ್ಲ. ಸಂಕಟ ಇರುವುದೇ ಅಲ್ಲಿ.

ತಂಗಿಯನ್ನು ಕಿರವತ್ತಿಗೆ ಕೊಟ್ಟಿದ್ದೆವು. ಅವಳ ಗಂಡ ಹೆದ್ದಾರಿ ಬದಿಯಲ್ಲಿ ಲಾರಿ ಟೈರುಗಳ ಪಂಕ್ಚರ್ ಅಂಗಡಿ ಇಟ್ಟಿದ್ದ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಕಿಡ್ನಿಗಳು ಕೈಕೊಟ್ಟವು, ಡಯಾಲಿಸಿಸ್‌ಗೆಂದು ಹುಬ್ಬಳ್ಳಿಗೆ ಓಡಾಟ ಶುರುವಾಯಿತು. ತಂಗಿ ಒಂಬತ್ತು ಮಂಗಳವಾರದ ಹರಕೆ ಹೊತ್ತಳು. ನಮ್ಮಲ್ಲಿ ಬಹಳ ಜನ ಮಾಡುವಂಥದ್ದೇ ಅದು. ಸಾಲಾಗಿ ಒಂಬತ್ತು ಮಂಗಳವಾರ ಉಪವಾಸವಿದ್ದು, ಸಂತರ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ಜಪ ಹೇಳಬೇಕು. ನಡುವೆ ಒಂದು ತಪ್ಪಿದರೂ ಹರಕೆ ಮುರಿದ ಹಾಗೆ.

ಒಂದು ಸಂಜೆ ಅವನನ್ನು ನೋಡಲು ಹೋಗಿದ್ದೆ. ಚಹಾ ಕೊಡುತ್ತ ತಂಗಿ ಕೇಳಿದಳು: "ಅಣ್ಣಾ, ನೀ ಓದಿದಾಂವ. ಖರೇ ಹೇಳು. ನಾ ಬೇಡಿಕೊಂಡ್ರ ದೇವ್ರು ತನ್ನ ಮನಸ್ಸು ಬದಲು ಮಾಡ್ತಾನೇನು?"

ಬೇರೆ ಯಾರಾದರೂ ಮಾಡ್ತಾನೆ ಎಂದು ಹೇಳಿ, ಚಹಾ ಕುಡಿದು ಏಳುತ್ತಿದ್ದರು. ನಾನು ಕುರ್ಚಿ ಹತ್ತಿರ ಎಳೆದುಕೊಂಡೆ. ದೇವರು ಪರಿಪೂರ್ಣ, ಪರಿಪೂರ್ಣನಾದವನು ಬದಲಾಗುವುದಿಲ್ಲ, ನಾವು ಕೇಳುವ ಮೊದಲೇ ಅವನಿಗೆ ಎಲ್ಲ ಗೊತ್ತು, ಪ್ರಾರ್ಥನೆ ಬದಲಿಸುವುದು ನಮ್ಮನ್ನೇ ಹೊರತು ಅವನನ್ನಲ್ಲ ಎಂದೆ. ವಾರ ಎಣಿಸಿ ದೇವರ ಜೊತೆ ವ್ಯಾಪಾರ ಮಾಡುವುದು ವಿಶ್ವಾಸವಲ್ಲ ಎಂದೂ ಸೇರಿಸಿದೆ. ಮಾತು ಸಲೀಸಾಗಿ ಬರುತ್ತಿತ್ತು, ಒಳಗೊಳಗೇ ಹಿಗ್ಗೂ ಇತ್ತು. ಅವಳು "ಹೌದೇನು" ಎಂದಷ್ಟೇ ಹೇಳಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಕ್ರಿಸ್‌ಮಸ್‌ಗೆ ಮೊದಲೇ ಅವನು ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ತಂಗಿ ನನ್ನನ್ನು ಅಡುಗೆಮನೆಗೆ ಕರೆದಳು.

"ನೀ ಹೇಳಿದ ಮ್ಯಾಲೆ ನಾ ಮಂಗಳವಾರ ಅರ್ಧಕ್ಕ ಬಿಟ್ಟೆ. ಅದಕ್ಕ ಹೋದ್ರೇನು ಅಣ್ಣಾ?"

"ಅದ್ಕಲ್ಲ. ಎರಡೂ ಕಿಡ್ನಿ ಹೋಗಿತ್ತು, ಡಾಕ್ಟ್ರು ಮೊದ್ಲೇ ಹೇಳಿದ್ರಲ್ಲ."

"ಹಂಗಾರ ಒಂಬತ್ತೂ ಮುಗಿಸಿದ್ರೂ ಹೋಗ್ತಿದ್ರು. ಜಪಕ್ಕ ಬಲಾನ ಇಲ್ಲೇನು?"

"ಇದೆ."

"ಇದ್ರ ನಾನೇ ಕೊಂದಂಗಾತು. ಅಡ್ಡಗೋಡಿ ಮ್ಯಾಲೆ ದೀಪ ಇಡಬ್ಯಾಡ, ಒಂದು ಹೇಳು."

ಶಾಸ್ತ್ರದಲ್ಲಿ ಇದಕ್ಕೂ ಉತ್ತರವಿದೆ. ದೇವರು ಬದಲಾಗುವುದಿಲ್ಲ ನಿಜ, ಆದರೆ ನಾವು ಮಾಡುವ ಪ್ರಾರ್ಥನೆಯನ್ನೂ ಅವನು ಮೊದಲೇ ತನ್ನ ಸಂಕಲ್ಪದೊಳಗೆ ಸೇರಿಸಿಕೊಂಡಿರುತ್ತಾನೆ, ಆದ್ದರಿಂದ ಬೇಡುವುದನ್ನು ಬಿಡಬಾರದು. ಅಂದು ಚಹಾ ಕುಡಿಯುತ್ತ ಈ ಎರಡನೆಯ ಅರ್ಧವನ್ನು ನಾನು ಹೇಳಲೇ ಇಲ್ಲ. ಮೊದಲನೆಯದು ಕೇಳಲು ಹೆಚ್ಚು ಗಂಭೀರವಾಗಿತ್ತು, ಅಷ್ಟೇ ಕಾರಣ. ಈಗ ಹೇಳಿದರೆ ಅದು ನೇರ ಅವಳ ಎದೆಗೇ ನಾಟುತ್ತಿತ್ತು. ಮಾತು ಮನೆ ಕೆಡಿಸಿತು ಅನ್ನುವುದು ಸುಮ್ಮನೆ ಅಲ್ಲ.

"ತಪ್ಪು ನಿಂದಲ್ಲ," ಎಂದೆ. "ಬಿಡ್ಸಿದ್ದು ನಾನು. ತಪ್ಪು ನಂದು."

ಅವಳು ನನ್ನನ್ನೇ ನೋಡಿದಳು. "ಹೌದು, ನೀನ," ಎಂದಳು. ಆಮೇಲೆ, ಆ ದಿನದಲ್ಲಿ ಮೊದಲ ಸಲ, ಜೋರಾಗಿ ಅತ್ತಳು.

ಈಗ ಅವಳು ಗಂಡನ ಆತ್ಮಕ್ಕೆಂದು ಮತ್ತೆ ಮಂಗಳವಾರ ಹಿಡಿದಿದ್ದಾಳೆ. ನನ್ನ ಜೊತೆ ಮಾತಿಲ್ಲ. ಇಗರ್ಜಿಯಲ್ಲಿ ಎದುರಾದರೆ ಸೆರಗು ಸರಿಮಾಡಿಕೊಂಡು ಬೇರೆ ಸಾಲಿಗೆ ಹೋಗುತ್ತಾಳೆ. ಬುದ್ಧಿಯಿಂದ ನೋಡಿದರೆ ಅವನ ಸಾವಿಗೆ ನಾನು ಕಾರಣನಲ್ಲ, ಅದು ನನಗೆ ಗೊತ್ತು. ಆದರೂ ಪಾಠ ಹೇಳುವಾಗ ಪ್ರಾರ್ಥನೆ ಎಂಬ ಮಾತು ಬಂದರೆ ಮಕ್ಕಳ ಮುಖ ನೋಡಲು ನಾಚಿಕೆಯಾಗುತ್ತದೆ.

ಹೋಗಿ ಕ್ಷಮೆ ಕೇಳು, ಒಡಹುಟ್ಟಿದವಳು ಎಷ್ಟು ದಿನ ಮುನಿಸಿಕೊಂಡಾಳು ಎಂದು ಪಾದ್ರಿಗಳು ಹೇಳುತ್ತಾರೆ. ನಾನು ಹೋಗುವುದಿಲ್ಲ. ಅವಳು ನನ್ನನ್ನು ಕ್ಷಮಿಸಿದ ದಿನ ಆ ತಪ್ಪು ಮತ್ತೆ ಅವಳದಾಗುತ್ತದೆ.