ಅಕ್ಕ ಮೊದಲು ತೊಟ್ಟ ನನ್ನ ಅಂಗಿ

ನಾನು ಚಿಕ್ಕವನಿದ್ದಾಗ ಪರಕಾರ ಉಡುತ್ತಿದ್ದೆ. ನಗಬೇಡಿ, ಖರೆ ಹೇಳುತ್ತಿದ್ದೇನೆ! ಅವ್ವನ ಹಳೆಯ ಇಳಕಲ್ ಸೀರೆ ಕತ್ತರಿಸಿ ಹೊಲಿದ ಉದ್ದ ಲಂಗ ಅದು. ಮೇಲೆ ಅಕ್ಕನಿಗೆ ಬಿಗಿಯಾದ ಖಣದ ಪೋಲ್ಕಾ, ಮೂಗಿಗೆ ಮೂಗುತಿ, ಬೆನ್ನ ಮೇಲೆ ಜಡೆ. ಅಕ್ಕನೇ ದಿನಾ ಎಣ್ಣೆ ಹಚ್ಚಿ ಹೆಣೆಯುತ್ತಿದ್ದಳು. ಸಿಕ್ಕು ಬಿಡಿಸುವಾಗ ಚೀರಿದರೆ ಬಾಚಣಿಗೆಯಿಂದಲೇ ತಲೆಗೊಂದು ಬಿಡುತ್ತಿದ್ದಳು.

ನನಗಿಂತ ಮೊದಲು ಹುಟ್ಟಿದ ಗಂಡುಮಕ್ಕಳು ನಮ್ಮ ಮನೆಯಲ್ಲಿ ಉಳಿದಿರಲಿಲ್ಲ. ಅಂಥ ಮನೆಗಳಲ್ಲಿ ಆಮೇಲೆ ಹುಟ್ಟಿದ ಹುಡುಗನಿಗೆ ಹುಡುಗಿಯ ಉಡುಪು ಹಾಕುವುದು ಆಗ ನಮ್ಮ ಕಡೆಯ ರೂಢಿ. ಸಾವು ಬಂದು ನೋಡಿದರೂ ಹುಡುಗಿ ಎಂದುಕೊಂಡು ಬಿಟ್ಟು ಹೋಗಲಿ ಅಂತ. ಸಾಲಿಗೆ, ಅಂದರೆ ಶಾಲೆಗೆ, ಹಾಕುವ ಹೊತ್ತಿಗೆ ತುಳಸಿಗೇರಿ ಹನಮಪ್ಪನ ಗುಡಿಯಲ್ಲಿ ಮಗನ ತಲೆ ಬೋಳಿಸಿ, ಆಮೇಲೇ ಅಂಗಿ ಚಡ್ಡಿ ತೊಡಿಸುತ್ತೇನೆ ಎಂದು ಅವ್ವ ಹರಕೆ ಹೊತ್ತಿದ್ದಳು.

ಆ ದಿನ ಬಂದೇ ಬಂತು. ಹಳೇ ಬಾಗಲಕೋಟೆಯಿಂದ ಚಕ್ಕಡಿ ಕಟ್ಟಿಕೊಂಡು ಹೊರಟೆವು. ಬುಟ್ಟಿಯಲ್ಲಿ ಪುಡಿಪುಡಿಯಾದ ಸಿಹಿ ಮಾದಲಿಯ ಬೆಲ್ಲದ ವಾಸನೆ, ಬದನೆಕಾಯಿ ಎಣ್ಣೆಗಾಯಿಯ ಘಮಘಮ. ಅಕ್ಕನ ತೊಡೆಯ ಮೇಲೆ ನನ್ನ ಹೊಸ ಅಂಗಿ ಚಡ್ಡಿಯ ಗಂಟು. ನಾನಂತೂ ಕುಣಿಯುತ್ತಿದ್ದೆ. ಅವ್ವ ಮಾತ್ರ ದಾರಿಯುದ್ದಕ್ಕೂ ಕೈ ಮುಗಿದು, "ಇನ್ನ ಮ್ಯಾಲೆ ನೀನ ಕಾಯಬೇಕಪಾ ಹನಮಪ್ಪಾ" ಎಂದು ಗುನುಗುತ್ತಲೇ ಇದ್ದಳು. ಆ ಮಾತು ನನ್ನ ಕಿವಿಗೆ ಬಿತ್ತು.

ಬೇವಿನ ಗಿಡದ ಕೆಳಗೆ ಕೂಡಿಸಿ ತಲೆಗೆ ತಣ್ಣೀರು ಹಚ್ಚಿದರು. ಕತ್ತಿ ಕರಕರ ಆಡಿತು. ಜಡೆ ಅವ್ವನ ಸೆರಗಿನಲ್ಲಿ ಬಿತ್ತು. ಬೋಳು ತಲೆಗೆ ಗಾಳಿ ತಾಗಿದ್ದೇ ತಡ, ನನಗೆ ಒಮ್ಮೆಲೇ ಹೊಳೆಯಿತು. ಇನ್ನು ಅಂಗಿ ತೊಟ್ಟರೆ ಸಾವಿಗೆ ನನ್ನ ಗುರುತು ಸಿಗುತ್ತದೆ! ಪರಕಾರವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದೆ.

"ಒಲ್ಲೆ! ಅಂಗಿ ಹಾಕ್ಕೊಂಡ್ರ ನಾ ಸಾಯ್ತೇನಿ!"

ಅವ್ವನ ಮುಖ ಸುಣ್ಣದಂತಾಯಿತು. "ಇನ್ನೊಂದು ವರ್ಷ ಹಿಂಗ ಇರ್ಲಿ ಬಿಡ್ರಿ" ಎಂದಳು.

"ಮತ್ತ ಸಾಲಿಗೆ ಹ್ಯಾಂಗ ಕಳಸೂದು?" ಎಂದ ಅಪ್ಪ. ಆದರೆ ಅಂಗಿ ಹಿಡಿದ ಅವನ ಕೈಯೂ ಮುಂದೆ ಬರಲಿಲ್ಲ.

ಆಗ ಅಕ್ಕ, ನನಗಿಂತ ತುಸುವೇ ದೊಡ್ಡವಳು, ಅಪ್ಪನ ಕೈಯಿಂದ ಅಂಗಿ ಕಸಿದುಕೊಂಡು ತನ್ನ ಪೋಲ್ಕಾದ ಮೇಲೆಯೇ ತೊಟ್ಟುಬಿಟ್ಟಳು. "ಮೊದಲ ನಾ ಹಾಕ್ಕೋತೇನಿ. ಸಾವು ಬಂದ್ರ ನನ್ನ ನೋಡ್ಲಿ!"

"ಹುಚ್ಚಿ, ತಗೀ ಅದನ್ನ!" ಎಂದು ಅವ್ವ ಚೀರಿದಳು. ಅಕ್ಕ ಎಲ್ಲಿ ಕೇಳುತ್ತಾಳೆ? ಗುಡಿ ಸುತ್ತು ಹಾಕಲು ಹೊರಟೇಬಿಟ್ಟಳು, ಮೂಲೆ ತಿರುಗಿ ಮರೆಯಾದಳು. ನಾನು ಆಚೆ ಮೂಲೆಯನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ನಗುತ್ತಾ ಬಂದಳು!

"ನೋಡ್ಲೇ, ಏನಾತು? ಏನೂ ಆಗಲಿಲ್ಲ!"

ಅವಳ ಬೆವರಿಗೆ ಒದ್ದೆಯಾಗಿದ್ದ ಆ ಅಂಗಿ ಬೆಚ್ಚಗಿತ್ತು. ತೊಡಿಸಲು ಬಂದಾಗ ನಾನೇ ಕೈ ಎತ್ತಿದೆ. ಅವ್ವ ನಮ್ಮಿಬ್ಬರನ್ನೂ ಅಪ್ಪಿಕೊಂಡು ಅತ್ತಳು. ನನಗೋ, ಆಗಲೇ ಚಡ್ಡಿಯ ಜೇಬಿನ ಚಿಂತೆ. ಪರಕಾರಕ್ಕೆ ಜೇಬೆಲ್ಲಿತ್ತು ಹೇಳಿ? ಒಂದು ಹಿಡಿ ಮಾದಲಿ ತುಂಬಿಕೊಂಡು ಬೈಸಿಕೊಂಡೆ. ಮುಂದಿನ ಸೋಮವಾರವೇ ಸಾಲಿಗೆ ಹೋದೆ.

ಮೊನ್ನೆ ನವನಗರದ ನಮ್ಮ ಮನೆಗೆ ಅಕ್ಕ ಬಂದಿದ್ದಳು. ನನ್ನ ಮೊಮ್ಮಗಳು ತನ್ನ ಅಣ್ಣನ ಅಂಗಿ ತೊಟ್ಟು ಓಡಾಡುವುದನ್ನು ನೋಡಿ ಮೊದಲು ನಕ್ಕಳು. ಆಮೇಲೆ ಮೆಲ್ಲಗೆ, "ಅವತ್ತ ಗುಡಿ ಹಿಂದ ಕುಂತು ಅತ್ತೀನೋ ತಮ್ಮಾ. ಖರೇನ ಸಾಯ್ತೇನಿ ಅನಿಸಿತ್ತು" ಎಂದಳು.

ಇಷ್ಟು ವರ್ಷ ನಾನು ಅಕ್ಕನಿಗೆ ಹೆದರಿಕೆಯೇ ಇರಲಿಲ್ಲ ಎಂದುಕೊಂಡಿದ್ದೆ! ಎದ್ದು ಅವಳ ಕಾಲು ಮುಟ್ಟಿದೆ. "ಸರಿ ಅತ್ಲಾಗ" ಎಂದು ನನ್ನ ಬೋಳು ತಲೆಗೆ ಒಂದು ಬಿಟ್ಟಳು.

ಮಕ್ಕಳೇ, ನಿಮ್ಮ ಕಪಾಟಿನಲ್ಲಿ ಯಾವುದು ಅಣ್ಣನದು, ಯಾವುದು ತಂಗಿಯದು ಎಂದು ಕೇಳುವವರಿಲ್ಲ. ಕೈಗೆ ಸಿಕ್ಕಿದ್ದನ್ನು ತೊಟ್ಟು ಆಡಲು ಓಡುತ್ತೀರಿ. ನೋಡಿದಾಗಲೆಲ್ಲ ನನ್ನ ಹೊಟ್ಟೆ ತಂಪಾಗುತ್ತದೆ. ನೀವು ನಗುತ್ತಾ ತೊಡುವಂಥ ಅಂಗಿಯನ್ನೇ ಅಂದು ನನ್ನ ಅಕ್ಕ, ಸಾಯುತ್ತೇನೆ ಎಂದುಕೊಂಡೇ, ನನಗಾಗಿ ತೊಟ್ಟಿದ್ದಳು.