ಹುಡುಗ ಹೇಗೆ ಅಂತ ಫೋನ್ ಬಂದಿತ್ತು

ನಮ್ಮ ಮನೆ ಓನರ್ ಆಂಟಿ ಕಳೆದ ವಾರ ಫೋನಿನಲ್ಲೇ ನನ್ನನ್ನು ಪರ್ಮನೆಂಟ್ ಮಾಡಿಬಿಟ್ಟರು. ಅದರಿಂದ ಸಿಗಬೇಕಿದ್ದ ಕೆಲಸ ಕೈತಪ್ಪಿತು.

ಅರ್ಥ ಆಗಲಿಲ್ಲ ಅಲ್ಲವಾ? ಮೊದಲಿಂದ ಹೇಳುತ್ತೇನೆ.

ನಾನಿದ್ದ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಬೀಗ ಬಿದ್ದ ವಿಷಯ ಈ ಕಾಲಂ ಓದುವವರಿಗೆ ಗೊತ್ತೇ ಇದೆ. ಸಂಬಳ ಹೋದರೆ ಹೇಗೋ ಒಂದು ಹೊತ್ತು ಉಂಡು ಇರಬಹುದು. ಆದರೆ ಕೆಲಸದ ಜೊತೆ ಇ.ಎಸ್.ಐ. ಕಾರ್ಡೂ ಹೋಗುತ್ತದೆ. ನಮ್ಮಮ್ಮನಿಗೆ ಹಾರ್ಟ್ ಕಾಯಿಲೆ. ಡಾಕ್ಟರು, ಇಂಜೆಕ್ಷನ್ನು, ಮಾತ್ರೆ ಎಲ್ಲ ಆ ಕಾರ್ಡಿನ ಮೇಲೇ ನಡೆಯುವುದು. ಈ ತಿಂಗಳು ಮುಗಿದರೆ ಕಾರ್ಡೂ ಮುಗಿಯಿತು. (ಪೇಪರಿಗೆ ಬರೀತೀಯಲ್ಲ, ಅದು ಕೆಲಸ ಅಲ್ಲವಾ ಅಂತ ಕೇಳಬೇಡಿ. ಕಾಲಂ ಬರೆಯುವವನಿಗೆ ಇ.ಎಸ್.ಐ. ಇಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಬರೆಯಲು ಕೊಟ್ಟಿದ್ದೇ ಹೆಚ್ಚು.)

ಅದಕ್ಕೇ ಜಯನಗರ ಫೋರ್ತ್ ಬ್ಲಾಕಿನ ಒಂದು ಏಜೆನ್ಸಿಗೆ ಹೋದೆ. ಫ್ಯಾಕ್ಟರಿಗಳಿಗೆ ಆಳು ಒದಗಿಸುವವರು. ಕೆಲಸ ಹೋಗಿದ್ದು, ಅಮ್ಮನ ಕಾಯಿಲೆ ಎರಡನ್ನೂ ಚುಟುಕಾಗಿ ಹೇಳಿದೆ. ಅಲ್ಲಿನ ಮೇಡಂ ಫೋನ್ ನಂಬರ್ ಕೇಳಿದರು. ನನಗೆಲ್ಲಿಯ ಫೋನು? ಯಡಿಯೂರಿನ ನಮ್ಮ ಓನರ್ ಮನೆ ನಂಬರ್ ಕೊಟ್ಟೆ. ಮೇಡಂ ಅದರ ಪಕ್ಕ ಪಿ.ಪಿ., ಅಂದರೆ ಬೇರೆಯವರ ಮನೆ ಫೋನು, ಅಂತ ಬರೆದುಕೊಂಡರು. ತಾರಸಿ ಮೇಲಿನ ರೂಮಿನಲ್ಲಿ ಇರುವವರೆಲ್ಲ ಪಿ.ಪಿ.ಗಳೇ. ನಮ್ಮನ್ನು ಯಾರೇ ಕೇಳಿಕೊಂಡು ಬಂದರೂ ಮೊದಲು ಕೆಳಗಡೆ ಮನೆಯವರು ಬಾಯಿ ಬಿಡಬೇಕು.

"ಪ್ಯಾಕಿಂಗ್ ಸೆಕ್ಷನ್‌ಗೆ ಒಬ್ರು ಬೇಕು. ಶುಕ್ರವಾರ ಬನ್ನಿ, ಕೂತು ಮಾತಾಡೋಣ. ಸರಿ ಅನ್ಸಿದ್ರೆ ಸೋಮವಾರದಿಂದಾನೇ ಡ್ಯೂಟಿ. ಇ.ಎಸ್.ಐ., ಪಿ.ಎಫ್. ಎರಡೂ ಇದೆ" ಎಂದರು ಮೇಡಂ.

ಇ.ಎಸ್.ಐ. ಅಂದಮೇಲೆ ನನಗೆ ಇನ್ನೇನೂ ಕೇಳಿಸಲಿಲ್ಲ.

ಗೆಳೆಯ ಮಲ್ಲುವನ್ನು ಕರೆಸಿದೆ. ಬಾಗಲಕೋಟೆಯವನು, ಬಿ.ಟಿ.ಎಂ.ನಲ್ಲಿ ರೂಮು, ಒಂದು ಆಫೀಸಿನಲ್ಲಿ ಅಟೆಂಡರ್. ಇಂಟರ್‌ವ್ಯೂಗೆ ಬಂದವರಿಗೆ ನೀರು ಕೊಟ್ಟೂ ಕೊಟ್ಟೂ ಅವನಿಗೆ ಎಲ್ಲ ಪ್ರಶ್ನೆ ಬಾಯಿಪಾಠ. ತಾರಸಿ ಮೇಲೆ ಬಕೆಟ್ ಬೋರಲು ಹಾಕಿಕೊಂಡು ಕೂತ. ಅವನು ಮೇಡಂ, ನಾನು ನಾನೇ.

"ಹಳೇ ಕೆಲಸ ಯಾಕ್ ಬಿಟ್ರಿ?"

"ನಾನೆಲ್ಲಿ ಬಿಟ್ಟೆ? ಮಾಲೀಕನೇ ಓಡಿಹೋದ."

"ಲೇ, ಕೆಲಸಾ ಕೇಳಾಕ ಬಂದೀಯೋ, ಜಗಳಾ ಮಾಡಾಕ ಬಂದೀಯೋ? ಫ್ಯಾಕ್ಟರಿ ಬಂದ್ ಆತ್ರಿ ಮೇಡಂ ಅನ್ನು. ಮುಖ ಒಂದೀಟು ಸಣ್ಣದು ಮಾಡು."

"ನನ್ ಮುಖ ಇರೋದೇ ಹಿಂಗೆ ಗುರು."

"ಹಂಗಾದ್ರ ತಲೀ ಬಗ್ಗಿಸು. ಇದೊಂದು ಚೊಲೋ ತಿಳ್ಕೊ. ಖಾಲಿ ಅದೀನಿ, ಕರದ್ರ ನಾಳೇನ ಬರ್ತೀನಿ ಅನ್ನು. ಬ್ಯಾರೆ ಕಡೆ ಕೆಲಸದಾಗ ಇದ್ದಾವನ್ನ ಅವ್ರು ತಗೊಳಂಗಿಲ್ಲ, ನಡುವ ಬಿಟ್ಟು ಓಡಿಹೋಗ್ತಾನ ಅಂತ ಅಂಜಿಕಿ. ಅವ್ವಗ ಆರಾಮಿಲ್ಲ ಅನ್ನೋದೂ ಹೇಳು. ಕಾರ್ಡ್ ಬೇಕಾದಾವ ಕೆಲಸಾ ಬಿಡಂಗಿಲ್ಲ ಅಂತ ಅವರಿಗೂ ಗೊತ್ತು."

ಒಳಗಿಂದ ಅಮ್ಮ, "ನನ್ ಕಾಯಿಲೇನ ಊರಿಗೆಲ್ಲಾ ಯಾಕ್ರೋ ಸಾರ್ತೀರಾ?" ಎಂದಳು.

ನನಗೆ ಮಾತ್ರ ಖುಷಿಯಾಗಿತ್ತು. ಒಂದೂ ಸುಳ್ಳು ಹೇಳಬೇಕಾಗಿಲ್ಲ. ಕೆಲಸವಿಲ್ಲ, ಅಮ್ಮನಿಗೆ ಹುಷಾರಿಲ್ಲ. ಎರಡೂ ನಿಜ. ನಿಜ ಹೇಳುವುದಕ್ಕೆ ಎಷ್ಟು ತಯಾರಿ ಬೇಕು?

ಗುರುವಾರ ಅಮ್ಮನನ್ನು ಡಿಸ್ಪೆನ್ಸರಿಗೆ ಕರೆದುಕೊಂಡು ಹೋಗಿ ವಾಪಸ್ ಬಂದೆ. ಗೇಟಿನಲ್ಲೇ ಓನರ್ ಆಂಟಿ ಸರೋಜಮ್ಮ ನಿಂತಿದ್ದರು. ಮುಖದ ತುಂಬ ಹಬ್ಬ.

"ಎಲ್ಲೋ ಹೋಗಿದ್ದೆ? ನಿನ್ ಬಗ್ಗೆ ವಿಚಾರ್ಸೋಕೆ ಹೆಣ್ಣಿನ ಕಡೆಯಿಂದ ಫೋನ್ ಬಂದಿತ್ತು ಕಣೋ!"

ಅಮ್ಮನ ಕಣ್ಣು ಅರಳಿತು. ನಿಧಾನಕ್ಕೆ ಮೆಟ್ಟಿಲು ಹತ್ತತೊಡಗಿದಳು, ಬೇಗ ಹೋಗಿ ದೇವರಿಗೆ ಕೈ ಮುಗಿಯಬೇಕಂತೆ.

"ಯಾವ ಹೆಣ್ಣು ಆಂಟಿ? ಯಾರಂತೆ?"

"ಯಾರು ಅಂತ ಹೇಳ್ಲಿಲ್ಲ. ಇಂಥ ವಿಚಾರದಲ್ಲಿ ಯಾರು ಹೆಸರು ಹೇಳ್ತಾರೆ? ಯಾವ್ದೋ ಹೆಂಗಸು. ಹುಡುಗ ಹೇಗೆ, ಕುಡೀತಾನಾ, ಮನೇಲಿ ಯಾರ್ಯಾರಿದ್ದಾರೆ, ಈಗ ಏನ್ ಕೆಲಸ ಅಂತೆಲ್ಲಾ ಕೇಳಿದ್ರು. ದೇವರಂಥ ಹುಡುಗ ಅಂದೆ."

"ಕೆಲಸಕ್ಕೆ ಏನಂದ್ರಿ?"

"ಕೆಲಸ ಇಲ್ಲ ಅಂದ್ರೆ ಯಾರೋ ಹೆಣ್ಣು ಕೊಡ್ತಾರೆ? ದೊಡ್ಡ ಕಂಪನೀಲಿ ಪರ್ಮನೆಂಟು, ಬಿಡೋ ಮಾತೇ ಇಲ್ಲ ಅಂದೆ. ಅಮ್ಮನ ವಿಷಯಾನೂ ನಾನು ಬಿಟ್ಕೊಡ್ಲಿಲ್ಲ. ಗುಂಡುಕಲ್ಲಿನ ಹಾಗಿದ್ದಾರೆ, ಸೊಸೆ ಕೈಲಿ ಒಂದು ಲೋಟ ನೀರೂ ತರಿಸ್ಕೊಳ್ಳಲ್ಲ ಅಂದೆ!"

ಆ ನಂಬರ್ ನಾನು ಕೊಟ್ಟಿದ್ದು ಏಜೆನ್ಸಿಗೆ ಮಾತ್ರ. ಮೇಡಂಗೆ ಫೋನ್ ಮಾಡಲು ಕಾಯಿನ್ ಬೂತಿಗೆ ಓಡಿದೆ.

"ನೀವು ಆಲ್ರೆಡಿ ಪರ್ಮನೆಂಟ್ ಅಲ್ವೇನ್ರೀ?" ಮೇಡಂ ದನಿ ಐಸಿನಂತಿತ್ತು. "ನಿಮ್ಮ ತಾಯಿನೂ ಗಟ್ಟಿಮುಟ್ಟಾಗಿದ್ದಾರಂತೆ. ನಮ್ಮ ಹತ್ರ ಬೇರೇನೇ ಹೇಳಿದ್ರಲ್ಲ?"

"ಮೇಡಂ, ನೀವು ಹೆಣ್ಣಿನ ಕಡೆಯವರು ಅಂದ್ಕೊಂಡು ಅವ್ರು ಹಾಗೆ..."

"ಕಥೆ ಬೇಡ."

"ಏಜೆನ್ಸಿಯಿಂದ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಎಲ್ಲರೂ ಹೊಗಳ್ತಾರೆ. ನಿಜ ಗೊತ್ತಾಗ್ಲಿ ಅಂತಾನೇ ನಾವು ಹೇಳಲ್ಲ."

ಫೋನ್ ಇಟ್ಟೇಬಿಟ್ಟರು.

ವಾಪಸ್ ಬಂದು ಆಂಟಿಗೆ ಹೇಳಿದೆ. ಪಾಪ, ತಕ್ಷಣ ಅವರೇ ಫೋನ್ ಮಾಡಿದರು. ಹುಡುಗನಿಗೆ ಕೆಲಸವಿಲ್ಲ, ತಾಯಿಗೆ ಹಾರ್ಟ್ ಕಾಯಿಲೆ, ನಾನೇ ಸುಳ್ಳು ಹೇಳಿದ್ದು ಅಂತ ಬೇಡಿಕೊಂಡರು. ಆ ಕಡೆಯಿಂದ ಮೇಡಂ ಕೇಳಿದ್ದು ನನಗೂ ಕೇಳಿಸಿತು.

"ಬೆಳಿಗ್ಗೆ ಹೇಳಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ?"

ಜಾಗಕ್ಕೆ ಬೇರೆಯವರನ್ನು ಕರೆಸಿ ಆಗಿತ್ತಂತೆ. ಆಂಟಿ ರಿಸೀವರ್ ಇಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅವರ ಮೇಲೆ ಹೇಗೆ ಕೂಗಾಡಲಿ? ಪಕ್ಕದ ರೂಮಿನಲ್ಲಿದ್ದ ಇಬ್ಬರು ಹುಡುಗರಿಗೆ ಹೀಗೇ ಹೊಗಳಿ ಮದುವೆ ಮಾಡಿಸಿದ್ದಾರೆ. ಇಬ್ಬರೂ ಸುಖವಾಗಿದ್ದಾರೆ. ಒಬ್ಬ ಹುಡುಗನ ಬಗ್ಗೆ ಯಾರಾದರೂ ಹೆಂಗಸು ಫೋನ್ ಮಾಡಿ ಕುಡೀತಾನಾ ಅಂತ ಕೇಳಿದರೆ ನೀವಾದರೂ ಏನಂದುಕೊಳ್ಳುತ್ತಿದ್ದಿರಿ? ಹೆಣ್ಣು ಕೊಡುವವರು ಕೇಳುವುದೂ ಅದೇ, ಕೆಲಸ ಕೊಡುವವರು ಕೇಳುವುದೂ ಅದೇ. ಅಲ್ಲಿ ಗೆಲ್ಲುವ ಉತ್ತರ ಇಲ್ಲಿ ಮಣ್ಣುಮುಕ್ಕಿಸುತ್ತದೆ. ಕೇಳುವವರು ಯಾರು ಅಂತ ಗೊತ್ತಿಲ್ಲದಿದ್ದರೆ ನಿಜಕ್ಕೂ ಬೆಲೆ ಇಲ್ಲ, ಸುಳ್ಳಿಗೂ ಇಲ್ಲ.

ಇನ್ನೊಂದು ಮಾತು. ಆ ಮೇಡಂ ಕೂಡ ಕೆಟ್ಟವರಲ್ಲ ಅಂತ ಮಲ್ಲು ಹೇಳುತ್ತಾನೆ. ಇರಬಹುದು. ಯಾರೂ ಕೆಟ್ಟವರಲ್ಲದೆಯೂ ಒಬ್ಬನ ಬದುಕು ಒಂದೇ ಮಧ್ಯಾಹ್ನದಲ್ಲಿ ಎಕ್ಕುಟ್ಟಿಹೋಗುತ್ತದೆ, ಅಷ್ಟೇ.

ಮೇಲೆ ಹೋದೆ. ಅಮ್ಮ ತಲೆ ಬಾಚಿಕೊಂಡು, ದಿಂಬಿಗೂ ಒರಗದೆ, ಚಾಪೆ ಮೇಲೆ ನೆಟ್ಟಗೆ ಕೂತಿದ್ದಳು. ಹಣೆಯಲ್ಲಿ ಬೆವರು.

"ಹೆಣ್ಣಿನ ಕಡೆಯವ್ರು ಬಂದಾಗ ಹಿಂಗೇ ಕೂತಿರ್ತೀನಿ ಬಿಡು. ಕಾಯಿಲೆ ಅಂತ ಯಾರಿಗೂ ಗೊತ್ತಾಗಲ್ಲ."

ಯಾರೂ ಬರುವುದಿಲ್ಲ ಅಂತ ಹೇಳಬೇಕು, ಮುಂದಿನ ತಿಂಗಳಿಂದ ಮಾತ್ರೆಯೂ ಇಲ್ಲ ಅಂತಲೂ ಹೇಳಬೇಕು. ಮೊದಲು ಯಾವುದನ್ನು ಹೇಳಲಿ?